ಐನೂರೊಂದರ ಆ ಒಂದು

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಿಂದ ಪೇಟೆ ಕಡೆಗೆ ನಾಲ್ಕು ಹೆಜ್ಜೆ ಹಾಕಿದರೆ ಮೋಟರ್ ರಿಪೇರಿ ಅಂಗಡಿಯೊಂದು ಸಿಗುತ್ತದೆ. ಅದರ ಅರ್ಧಕ್ಕೆ ಪ್ಲೈವುಡ್ ಅಡ್ಡ ಹೊಡೆದು, ಒಂದು ಕಂಪ್ಯೂಟರ್ ಇಟ್ಟುಕೊಂಡು, ಪ್ರೇಮಕುಮಾರಿ ಒಂಬತ್ತು ವರ್ಷದಿಂದ ಕೂತಿದ್ದಾಳೆ. ಈ ಕಡೆ ಗಂಡ ಪರಮೇಶ್ ಸುಟ್ಟುಹೋದ ಪಂಪ್‌ಸೆಟ್ಟಿನ ಮೋಟರಿಗೆ ತಾಮ್ರದ ತಂತಿ ಸುತ್ತುತ್ತಾನೆ, ಆ ಕಡೆ ಹೆಂಡತಿ ಊರೂರಿಗೆ ದುಡ್ಡು ಕಳಿಸುತ್ತಾಳೆ. ಬೋರ್ಡಿನಲ್ಲಿ ಯಾವುದೋ ಕಂಪನಿಯ ಹೆಸರಿದೆ. ಜನ ಕರೆಯೋದು ಮಾತ್ರ ‘ಪೋಸ್ಟ್ ಚಂದ್ರಯ್ಯನ ಮಗಳ ಅಂಗಡಿ’ ಅಂತ.

ಟೈಲ್ಸ್ ಕೆಲಸಕ್ಕೆ ಬಂದ ಬಿಹಾರದವರು, ಹಾಸನದ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಮಗಳ ಹಾಸ್ಟೆಲ್ಲಿಗೆ ದುಡ್ಡು ಕಟ್ಟುವ ರೈತರು, ಎಲ್ಲರೂ ಅಲ್ಲಿಗೇ ಬರುತ್ತಾರೆ. ಬಂದವರು ದುಡ್ಡು ಕೊಟ್ಟು ಸುಮ್ಮನೆ ಎದ್ದುಹೋಗುವುದಿಲ್ಲ. ಯಾರಿಗೆ, ಯಾತಕ್ಕೆ, ಅವರಿಗೇನು ಕಾಯಿಲೆ, ಎಲ್ಲ ಹೇಳಿಯೇ ಏಳುತ್ತಾರೆ. ಪ್ರೇಮಕುಮಾರಿ ಊ ಅನ್ನುತ್ತಾ ಕೇಳುತ್ತಾಳೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂಗೆ ಅಂತ ಗಾದೆ ಇದೆಯಲ್ಲ, ಅದನ್ನೇ ಹಿಡಿದು ಪರಮೇಶ್ ಆಡಿಕೊಳ್ಳುತ್ತಾನೆ. “ಲೇ, ಆ ಗಾದೆ ಸುಳ್ಳು ಮಾಡ್ದೋಳು ನೀನೊಬ್ಳೇ ಕಣೇ. ಸುಂಕಾನೂ ತಗತೀಯ, ದುಃಖಾನೂ ತಗತೀಯ.”

ಸುಂಕದ ಮಾತು ಅಲ್ಲಿ ದಿನಾ ಬರುತ್ತದೆ.

“ಯಾಕವ್ವಾ, ನನ್ ದುಡ್ಡು ನನ್ ಮಗೀಗೆ ಕಳ್ಸಕೆ ಸರ್ಕಾರಕ್ಯಾಕೆ ಕಪ್ಪ?”

“ದುಡ್ಡಿಗಲ್ಲ ಕಣಣ್ಣ, ಕಳಿಸೋ ಕೂಲಿಗೆ. ಕಂಪನಿ ಕೂಲಿ ನೂರು ರೂಪಾಯಿ ಆದ್ರೆ, ಅದರ ಮೇಲೆ ಸರ್ಕಾರಕ್ಕೆ ಹದಿನೆಂಟು.”

“ಅಂದ್ರೆ ಗಾಡಿ ಬಾಡಿಗೆ ಮ್ಯಾಲೆ ಸುಂಕ ಅನ್ನು.”

“ಅಂಗೇ ಅನ್ಕೊ.”

“ಗಾಡಿ ಎಲ್ಲವ್ವಾ? ಎತ್ತೂ ಕಾಣೆ, ಚಕ್ರಾನೂ ಕಾಣೆ!”

ತಂತಿ ಸುತ್ತುತ್ತಿದ್ದ ಪರಮೇಶ್ ಅಲ್ಲಿಂದಲೇ ಕೂಗುತ್ತಾನೆ, “ಎತ್ತು ನಾವೇ ಕಣಣ್ಣೋ!”

ಹಿಂಗೆ ನಗುನಗುತ್ತಾ ನಡೆಯುವ ಅಂಗಡಿಯ ಹೊಸಲಿನ ಹತ್ತಿರ ಈಗ ದಿನಾ ಒಂದು ತಾಮ್ರದ ಚೊಂಬಿನಲ್ಲಿ ನೀರು ಇಟ್ಟಿರುತ್ತಾರೆ. ಅದನ್ನು ಯಾರೂ ಕುಡಿಯುವುದಿಲ್ಲ. ಆ ಚೊಂಬು ಅಲ್ಲಿಗೆ ಹೇಗೆ ಬಂತು ಅನ್ನೋದು ಚಂದ್ರಯ್ಯನ ಕಾಲದಿಂದ ಶುರುವಾಗುವ ಕಥೆ.

ಚಂದ್ರಯ್ಯ ಹಳೇಕೋಟೆಯಲ್ಲಿ ಪೋಸ್ಟ್ ಹಂಚುತ್ತಿದ್ದವನು. ಗೌರಿ ಹಬ್ಬ ಇನ್ನು ಹದಿನೈದು ದಿನ ಇದೆ ಅನ್ನುವಾಗ ಅವನ ಚೀಲದ ತುಂಬ ಮನಿಯಾರ್ಡರು. ಅಣ್ಣತಮ್ಮಂದಿರು ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಅರಿಶಿನ-ಕುಂಕುಮಕ್ಕೆ ಅಂತ ಕಳಿಸುವ ದುಡ್ಡು. ಹನ್ನೊಂದು, ಇಪ್ಪತ್ತೊಂದು, ಐವತ್ತೊಂದು. ಕೊನೆಗೆ ಒಂದು ಇರಲೇಬೇಕು. ಸೊನ್ನೆಗೆ ನಿಂತ ದುಡ್ಡು ಸಾವಿನ ಮನೆಗೆ. ಒಂದು ಸೇರಿದರೆ ಅದು ಮುಂದಕ್ಕೆ ನಡೆಯುವ ದುಡ್ಡು, ಬರುವ ವರ್ಷಕ್ಕೂ ದಾರಿ ಇದೆ ಅಂತ ಅರ್ಥ.

ಬೇರೆ ಮನಿಯಾರ್ಡರು ಕೊಟ್ಟಾಗ ಯಾರಾದರೂ ಕಾಫಿಗೆ ಅಂತ ನಾಲ್ಕಾಣೆ ಇಟ್ಟರೆ ಚಂದ್ರಯ್ಯ ಬೇಡ ಅನ್ನುತ್ತಿರಲಿಲ್ಲ. ಗೌರಿ ದುಡ್ಡಿನಲ್ಲಿ ಮಾತ್ರ ಬಿಡಿಗಾಸು ಮುಟ್ಟುತ್ತಿರಲಿಲ್ಲ. ಹಿಂದೆ ಹಿಂದೆ ಓಡಿಬರುತ್ತಿದ್ದ ಮಗಳಿಗೂ ಹೇಳಿದ್ದ: “ಇದನ್ನ ಮುರೀಬಾರ್ದು ಮಗ. ಆ ಕೈ ಎಂಗೆ ಕೊಡ್ತೋ ಈ ಕೈಗೆ ಅಂಗೇ ಸೇರ್ಬೇಕು. ತವರಿನ ದುಡ್ಡು ಮುರಿದೋರ ಬಾಗ್ಲಲ್ಲಿ ಎಣ್ಮಕ್ಳು ಬಂದು ನಿಂತ್ಕತಾರೆ.”

ಆ ಊರಿನಲ್ಲೇ ಚಲುವಯ್ಯ ಅಂತ ಒಬ್ಬ ಒಕ್ಕಲಿಗ. ಅವನಿಗೊಬ್ಬಳೇ ತಂಗಿ, ಚಿಕ್ಕಲಕ್ಷ್ಮಮ್ಮ. ಅರಕಲಗೂಡು ಕಡೆಯ ಹಳ್ಳಿಗೆ ಕೊಟ್ಟಿದ್ದರು. ಅವ್ವ ಸತ್ತ ವರ್ಷ, ಅವ್ವನ ಕಿವಿಯ ಓಲೆ ಮಗಳಿಗೋ ಸೊಸೆಗೋ ಅನ್ನುವ ಮಾತು ಬಂತು. ಮಾತು ಬೆಳೆಯಿತು. ಚಿಕ್ಕಲಕ್ಷ್ಮಮ್ಮ ಊರ ಮಾರಮ್ಮನ ಮುಂದೆ ಕರ್ಪೂರ ಹಚ್ಚಿ, ಕೈಯಲ್ಲೇ ಆರಿಸಿ, “ಉಸಿರಿರೋ ತಂಕ ಇವನ ಮಕ ನೋಡಕಿಲ್ಲ, ಇವನ ಒಸ್ಲು ತುಳಿಯಾಕಿಲ್ಲ” ಅಂತ ಆಣೆ ಇಟ್ಟು ಹೊರಟುಹೋದಳು. ಚಲುವಯ್ಯನೂ ಮೊಂಡ, ಅವನೂ ಅದೇ ಆಣೆ ಇಟ್ಟ. ಹಿರಿಯರು ಎಷ್ಟು ಹೇಳಿದರೂ ಇಬ್ಬರೂ ಕೇಳಲಿಲ್ಲ. ಕಡೆಗೆ ಅವರು ಒಂದೇ ಮಾತು ಉಳಿಸಿದರು: ಮಕ ಬೇಡ, ಮಾತು ಬೇಡ, ಅರಿಶಿನ-ಕುಂಕುಮ ಮಾತ್ರ ನಿಲ್ಲಿಸೋ ಹಂಗಿಲ್ಲ. ಅದು ಅಣ್ಣನದಲ್ಲ, ತವರಿನದು.

ಅವತ್ತಿನಿಂದ ವರ್ಷಕ್ಕೊಂದು ಮನಿಯಾರ್ಡರು. ದುಡ್ಡು ತಲುಪಿದ ಮೇಲೆ ಪಡೆದವರ ಹೆಬ್ಬೆಟ್ಟು ಒತ್ತಿದ ಚೀಟಿ ತಿರುಗಿ ಬರುತ್ತಿತ್ತು. ಚಂದ್ರಯ್ಯ ಅದನ್ನು ಕೊಟ್ಟಾಗ ಚಲುವಯ್ಯ ಓದುತ್ತಿರಲಿಲ್ಲ, ಓದಲು ಬರುತ್ತಲೂ ಇರಲಿಲ್ಲ. ಆ ನೀಲಿ ಗುರುತಿನ ಮೇಲೆ ತನ್ನ ಹೆಬ್ಬೆಟ್ಟು ಇಟ್ಟುಕೊಂಡು ಸ್ವಲ್ಪ ಹೊತ್ತು ನಿಲ್ಲುತ್ತಿದ್ದ. ಆಮೇಲೆ, “ಅವ್ಳೆ,” ಅನ್ನುತ್ತಿದ್ದ. ಇದ್ದಾಳೆ ಅಂತ. ಅಷ್ಟೇ ಮಾತು. ಲಂಗ ಹಾಕಿಕೊಂಡು ಅಪ್ಪನ ಪಕ್ಕ ನಿಂತಿದ್ದ ಪ್ರೇಮಕುಮಾರಿ ಇದನ್ನು ಎಷ್ಟು ಸಲ ನೋಡಿದ್ದಳೋ.

ಚಂದ್ರಯ್ಯ ಹೋದ. ಮನಿಯಾರ್ಡರು ಕಮ್ಮಿಯಾದವು. ಚಲುವಯ್ಯನಿಗೂ ವಯಸ್ಸಾಗಿ ಹೆಂಡತಿ ಹೋಗಿ, ಮಗ-ಸೊಸೆ, ಮೊಮ್ಮಗಳ ಜೊತೆ ಇದ್ದ. ಒಂದು ವರ್ಷ ಹೆಬ್ಬೆಟ್ಟಿನ ಚೀಟಿಯ ಬದಲು ತಂಗಿ ಊರಿನ ಯಾರದೋ ಕೈಯಲ್ಲಿ ಒಂದು ತುಂಡು ಕಾಗದ ಬಂತು. ಅದರಲ್ಲಿ ಬ್ಯಾಂಕಿನ ಖಾತೆ ನಂಬರು. ಅದನ್ನು ಬನೀನಿನ ಜೇಬಿನಲ್ಲಿಟ್ಟುಕೊಂಡು ಮುದುಕ ಬಸ್ಸು ಹತ್ತಿ ಚಂದ್ರಯ್ಯನ ಮಗಳನ್ನು ಹುಡುಕಿಕೊಂಡು ಬಂದ.

“ಪ್ರೇಮವ್ವ, ನಿಮ್ಮಪ್ಪನ ಕೆಲಸ ಈಗ ನಿಂದು. ಐನೂರೊಂದು ಐತೆ. ಗೌರಿ ಒಳಗೆ ಸೇರುಸು.”

ಈ ವ್ಯಾಪಾರದಲ್ಲಿ ಒಂದು ಪದ್ಧತಿ ಇದೆ. ಖಾತೆಗೆ ದುಡ್ಡು ಕಳಿಸುವ ಮುಂಚೆ, ಖಾತೆ ಸರಿ ಇದೆಯಾ ಅಂತ ನೋಡಲು ಮೊದಲು ಒಂದು ರೂಪಾಯಿ ಬಿಡಬೇಕು. ಅದಕ್ಕೂ ಎರಡು ರೂಪಾಯಿ ಕೂಲಿ, ಕೂಲಿಯ ಮೇಲೆ ಸರ್ಕಾರದ ಪಾಲು. ಆ ರೂಪಾಯಿ ಅಂಗಡಿಯವರದು, ಗಿರಾಕಿ ಕಳಿಸುವ ದುಡ್ಡಿಗೆ ಸೇರಿದ್ದಲ್ಲ. ಆ ಒಂದು ರೂಪಾಯಿ ಹೋಗಿ ಅಲ್ಲಿ ಬಿದ್ದರೆ ಖಾತೆಯವರ ಹೆಸರು ತಿರುಗಿ ಬಂದು ಪರದೆಯ ಮೇಲೆ ನಿಲ್ಲುತ್ತದೆ. ಪ್ರೇಮಕುಮಾರಿಗೆ ಅದು ಯಾವಾಗಲೂ ಬಾವಿಗೆ ಬಗ್ಗಿ ಕೂಗಿದ ಹಾಗೆ ಕಾಣುತ್ತಿತ್ತು. ಇದ್ದೀಯಾ ಅಂತ ಕೂಗಿದರೆ, ಕೆಳಗಿನ ಕತ್ತಲೆಯಿಂದ ಹೆಸರು ಬರುತ್ತದೆ.

ಅವತ್ತೂ ಬಂತು. “ಚಿಕ್ಕಲಕ್ಷ್ಮಮ್ಮ ಅಂತ ಬಂತು ದೊಡ್ಡಪ್ಪ.”

ಚಲುವಯ್ಯ ಎದ್ದು ಬಂದು ಪರದೆಯ ಹತ್ತಿರ ಬಗ್ಗಿದ. “ಅವ್ಳೇ ಓಗೊಟ್ಳಾ?”

ಹೆಸರು ಕಳಿಸುವುದು ಬ್ಯಾಂಕಿನ ಯಂತ್ರ, ಮನುಷ್ಯರಲ್ಲ. ಖಾತೆಯವರು ನಿದ್ದೆಯಲ್ಲಿದ್ದರೂ ಬರುತ್ತದೆ, ಜ್ವರದಲ್ಲಿ ಮಲಗಿದ್ದರೂ ಬರುತ್ತದೆ. ಅದನ್ನು ಹೇಳಬಹುದಿತ್ತು. ಮುದುಕನ ಮುಖ ನೋಡಿ ಅವಳಿಗೆ ಬಾಯಿ ಬರಲಿಲ್ಲ.

“ಊ ದೊಡ್ಡಪ್ಪ.”

ಅವನು ಪರದೆಯ ಗಾಜಿನ ಮೇಲೆ, ಆ ಅಕ್ಷರಗಳ ಮೇಲೆ, ಹೆಬ್ಬೆಟ್ಟು ಒತ್ತಿದ. “ಅವ್ಳೆ,” ಅಂದ.

ಅಲ್ಲಿಂದ ವರ್ಷಾವರ್ಷ ಹಿಂಗೇ ನಡೆಯಿತು. ತಪ್ಪು ಆದದ್ದು ನಡುವೆ.

ಒಂದು ವರ್ಷ ಕಂಪನಿಯಿಂದ ಕಾಗದ ಬಂತು, ಇನ್ನು ಮೇಲೆ ಅಂಗಡಿಯವರ ಕಮಿಷನ್ನಿನಲ್ಲೂ ತೆರಿಗೆ ಹಿಡಿದೇ ಕೊಡುತ್ತೇವೆ ಅಂತ. ಅದೇ ವರ್ಷ ಅಂಗಡಿ ಬಾಡಿಗೆಯೂ ಏರಿತ್ತು. ಹಾಸನದಿಂದ ತಿಂಗಳಿಗೊಮ್ಮೆ ಬರುವ ಕಂಪನಿಯ ಸಂಪತ್ಕುಮಾರನ ಹತ್ತಿರ ಪ್ರೇಮಕುಮಾರಿ ಗೋಳು ಹೇಳಿಕೊಂಡಳು. ಅವನು ಟೀ ಊದಿಕೊಂಡು ಕುಡಿಯುತ್ತಾ ಒಂದು ಉಪಾಯ ಹೇಳಿಕೊಟ್ಟ.

“ಅಕ್ಕಾ, ಐನೂರರ ತನಕ ಒಂದು ಶುಲ್ಕ. ಐನೂರು ದಾಟಿ ಒಂದೇ ರೂಪಾಯಿ ಹೆಚ್ಚಾದರೂ ಅದರ ಎರಡರಷ್ಟು. ನಿಮ್ಮ ಕಡೆ ಎಲ್ಲರೂ ಐನೂರೊಂದೇ ಕಳಿಸೋದಲ್ವಾ? ಹೆಸರು ನೋಡೋಕೆ ಹೆಂಗೂ ಒಂದು ರೂಪಾಯಿ ಹೋಗತ್ತೆ. ಅದನ್ನೇ ಆ ಒಂದು ಅಂತ ಹಿಡೀರಿ, ಆಮೇಲೆ ಬರೀ ಐನೂರು ಕಳಿಸಿ. ಗಿರಾಕಿ ಹತ್ರ ಐನೂರೊಂದರ ಶುಲ್ಕಾನೇ ತಗೊಳ್ಳಿ. ಮಿಕ್ಕಿದ್ದು ನಿಮಗೆ. ಯಾರಿಗೂ ಒಂದು ಪೈಸೆ ಕಮ್ಮಿ ಹೋಗಲ್ಲ.”

ನಿಜ, ಒಂದು ಪೈಸೆಯೂ ಕಮ್ಮಿ ಹೋಗುತ್ತಿರಲಿಲ್ಲ. ಒಂದು ಮುಂಚೆ ಹೋಗುತ್ತಿತ್ತು, ಐನೂರು ಹಿಂದೆ ಹೋಗುತ್ತಿತ್ತು. ಗೌರಿ ಮುಂದಿನ ಹದಿನೈದು ದಿನದಲ್ಲಿ ಅಂಥವು ಇನ್ನೂರು ಬರುತ್ತಿದ್ದವು. ತಲಾ ಐದಾರು ರೂಪಾಯಿ ಡಬ್ಬಿಗೆ ಬಿತ್ತು. ಮೊದಲನೇ ಸಲ ಮಾಡುವಾಗ ಪ್ರೇಮಕುಮಾರಿಗೆ ಅಪ್ಪನ ಮಾತು ನೆನಪಾಯಿತು. ಎರಡನೇ ಸಲಕ್ಕೆ ಆಗಲಿಲ್ಲ. ಕಂಪನಿಯ ಯಂತ್ರ ಬರೀ ಐನೂರರ ಚೀಟಿ ಕೊಡುತ್ತಿತ್ತು. ಇವಳು ಅದನ್ನು ಇಟ್ಟುಕೊಂಡು ತನ್ನ ಪುಸ್ತಕದಲ್ಲಿ ಐನೂರೊಂದು ಅಂತ ಕೈಯಲ್ಲಿ ಬರೆದು ಹರಿದುಕೊಡುತ್ತಿದ್ದಳು. ಪರಮೇಶನಿಗೂ ಹೇಳಿರಲಿಲ್ಲ.

ಹೋದ ವರ್ಷದ ಹಿಂದಿನ ಗೌರಿ. ಚಲುವಯ್ಯ ಎಂದಿನಂತೆ ಬಂದ, ಇವಳು ಒಂದು ಬಿಟ್ಟಳು, ಹೆಸರು ಬಂತು, ಅವನು ಹೆಬ್ಬೆಟ್ಟು ಒತ್ತಿ ಹೋದ. ಹಬ್ಬ ಕಳೆದು, ಗಣಪತಿ ಬಿಟ್ಟು, ಪಿತೃಪಕ್ಷ ಹತ್ತಿ ಮೂರನೇ ದಿನ ಮತ್ತೆ ಅಂಗಡಿಯ ಮುಂದೆ ಬಂದು ನಿಂತ. ಯಾವತ್ತೂ ವರ್ಷಕ್ಕೊಂದೇ ಸಲ ಬರುವ ಮನುಷ್ಯ. ಮುಖ ಮದುವೆ ಮನೆಯವನ ಹಾಗೆ ಅರಳಿತ್ತು.

“ಪ್ರೇಮವ್ವ, ನನ್ ತಂಗಿ ಬಂದಿದ್ಳು ಕಣವ್ವ.”

“ಏನಂದೆ ದೊಡ್ಡಪ್ಪ? ಆಣೆ?”

“ನಾನೂ ಅದ್ನೇ ಅನ್ಕಂಡೆ. ಮಟಮಟ ಮದ್ಯಾನ. ಸೊಸೆ ಒಲಕ್ಕೆ ಬುತ್ತಿ ತಗಂಡೋಗಿದ್ಳು. ನಾನು ಜಗಲಿ ಮ್ಯಾಲೆ ಕುಂತು ಅಲಸಂದೆಕಾಯಿ ಸುಲೀತಿದ್ದೆ. ಬಳೆ ಸದ್ದಾಯ್ತು. ನೋಡ್ತೀನಿ, ಒಸ್ಲಾಚೆ ನಿಂತವ್ಳೆ. ಅಸ್ರು ಸೀರೆ. ತಲೆ ತುಂಬ ಊವ. ನಲವತ್ತು ವರ್ಸ ಆದ್ರೂ ಅಂಗೇ ಅವ್ಳೆ ಕಣವ್ವ, ಒಂದು ಕೂದ್ಲೂ ನರೆತಿಲ್ಲ.”

ಆ ಕಡೆ ಪರಮೇಶ್ ತಂತಿ ಸುತ್ತುವ ಚಕ್ರ ನಿಂತಿತು.

“ಒಳಿಕ್ ಬಾರವ್ವ ಅಂದೆ. ಬರ್ಲಿಲ್ಲ. ಚೊಂಬಲ್ಲಿ ನೀರು ಇಟ್ಟೆ. ಮುಟ್ಲಿಲ್ಲ. ‘ಅಣ್ಣ, ನಿನ್ ದುಡ್ಡು ಬಂತು, ಆದ್ರೆ ಮುರಿದು ಬಂತು’ ಅಂದ್ಳು. ಏನವ್ವ ಅಂಗಂದ್ರೆ ಅಂದೆ. ‘ಮೊದ್ಲು ಒಂದು ಬಂತು. ಆಮೇಲೆ ಐನೂರು ಬಂತು. ಒಂದನ್ನ ಯಾಕಣ್ಣ ಬ್ಯಾರೆ ಮಾಡ್ದೆ? ಸೊನ್ನೆಗೆ ನಿಂತದ್ದ ನಾನೆಂಗೆ ಮಡ್ಲಿಗೆ ಕಟ್ಕಳ್ಳಿ? ಮೂರು ವರ್ಸದಿಂದ ಇಂಗೇ ಬತ್ತಾ ಐತೆ’ ಅಂದ್ಳು. ಅಷ್ಟು ಅಂದೋಳು ತಿರುಗಿ ನೋಡೋದ್ರೊಳಗೆ ಇಲ್ಲ.”

ಪ್ರೇಮಕುಮಾರಿ ಕೀಬೋರ್ಡಿನಿಂದ ಕೈ ತೆಗೆದಳು. ಆ ಉಪಾಯ ಶುರುವಾಗಿ ಸರಿಯಾಗಿ ಮೂರು ವರ್ಷ. ಅದು ಗೊತ್ತಿದ್ದದ್ದು ಈ ಊರಿನಲ್ಲಿ ಅವಳಿಗೊಬ್ಬಳಿಗೆ.

“ಸಂಜೆ ಸೊಸೆ ಬಂದು ಬೈತಾಳೆ, ಯಾಕ್ ಮಾವ ಚೊಂಬಿನ್ ನೀರಿಗೆ ಅರಿಸ್ನ ಆಕಿದ್ದೀಯಾ ಅಂತ. ನಾನೆಲ್ಲವ್ವ ಆಕ್ದೆ?” ಚಲುವಯ್ಯ ನಕ್ಕ. “ನೀನೇನೂ ಮುರೀಲಿಲ್ಲ ತಾನೆ?”

“ಇಲ್ಲ ದೊಡ್ಡಪ್ಪ,” ಅಂದಳು.

ಆ ವಾರವೇ ರೂಪಶ್ರೀ ಬಂದಳು. ನರ್ಸಿಂಗ್ ಹೋಮಿನ ಲ್ಯಾಬಿನಲ್ಲಿ ಕೆಲಸ ಮಾಡುವ ಹುಡುಗಿ, ತಿಂಗಳು ತಿಂಗಳು ಅರಕಲಗೂಡು ಕಡೆಯ ತನ್ನ ಹಳ್ಳಿಗೆ ಅಮ್ಮನಿಗೆ ದುಡ್ಡು ಕಳಿಸುತ್ತಾಳೆ. ಪ್ರೇಮಕುಮಾರಿ ಪರದೆಯಲ್ಲಿ ಚಿಕ್ಕಲಕ್ಷ್ಮಮ್ಮನ ಖಾತೆಯನ್ನೇ ತೆರೆದು ನೋಡುತ್ತಾ ಕೂತಿದ್ದಳು. ಹುಡುಗಿ ಇಣುಕಿದಳು.

“ಅಯ್ಯೋ, ನಮ್ ಬೀದಿ ಚಿಕ್ಕಲಕ್ಷ್ಮಜ್ಜಿ! ಅವ್ರ ಖಾತೆ ಇನ್ನೂ ಐತಾ ಅಕ್ಕ?”

“ಯಾಕಮ್ಮ?”

“ಆಷಾಡದಲ್ಲೇ ತೀರ್ಕೊಂಡ್ರಲ್ಲ. ಮುತ್ತೈದೆ ಸಾವು. ಹಸಿರು ಸೀರೆ ಉಡಿಸಿ, ತಲೆ ತುಂಬ ಹೂವ ಮುಡಿಸಿ ಕಳಿಸಿದ್ರು, ನಾನೇ ಹೋಗಿದ್ದೆ. ಅಣ್ಣನಿಗೆ ಯೋಳ್ಬೇಡಿ, ಹೆಣದ ಮಕ ನೋಡಿದ್ರೂ ಅವನ ಆಣೆ ಮುರೀತದೆ ಅಂತ ಮೊದಲೇ ಹೇಳಿಬಿಟ್ಟಿದ್ರಂತೆ.”

ಆಷಾಢ ಆದ ಮೇಲೆ ಶ್ರಾವಣ, ಅದಾದ ಮೇಲೆ ಗೌರಿಯ ಭಾದ್ರಪದ. ಅಂದರೆ ಆ ಗೌರಿಗೆ ಇವಳು ಒಂದು ರೂಪಾಯಿ ಬಿಟ್ಟು ಕೂಗಿದಾಗ ಬಂದ ಹೆಸರು ಯಾರದು? ಬ್ಯಾಂಕಿನ ಯಂತ್ರದ್ದು, ಬೇರೆ ಯಾರದ್ದು, ಅಂತ ಬುದ್ಧಿ ಹೇಳಿತು. ಬೆನ್ನು ಮಾತ್ರ ಆ ಮಾತು ನಂಬಲಿಲ್ಲ.

ಅವತ್ತು ಗಂಡನಿಗೆ ಎಲ್ಲವನ್ನೂ ಹೇಳಿದಳು. ಉಪಾಯದ್ದೂ, ಸತ್ತದ್ದೂ. ಪರಮೇಶ್ ಮೊದಲು ನಗಲು ನೋಡಿದ. “ಸತ್ತೋರೂ ರಸೀತಿ ಕೇಳೋ ಕಾಲ ಬಂತಲ್ಲೇ.” ಆಮೇಲೆ ಅವನೇ, “ಸತ್ತೋಳಿಗೆ ತವರಿನ ಅರಿಸ್ನ-ಕುಂಕುಮ ಹೋದ್ರೆ ಅದು ಕರೆದಂಗೆ ಕಣೇ. ನಮ್ಮಜ್ಜಿ ಅಂತಿದ್ಳು. ಕರೆದ ಮೇಲೆ ಬರ್ದೆ ಇರ್ತಾಳಾ?” ಅಂದು ತಂತಿಯ ಸುರುಳಿ ಬದಿಗಿಟ್ಟ. ಆ ದಿನ ಮತ್ತೆ ಕೆಲಸ ಮಾಡಲಿಲ್ಲ.

ಪ್ರೇಮಕುಮಾರಿ ಮೂರು ವರ್ಷದಲ್ಲಿ ಹಾಗೆ ಉಳಿಸಿದ್ದನ್ನು ಅಂದಾಜು ಮಾಡಿ, ಅದಕ್ಕಿಂತ ಹೆಚ್ಚೇ ತೆಗೆದುಕೊಂಡು ಹೋಗಿ ನರಸಿಂಹಸ್ವಾಮಿ ಗುಡಿಯ ಹುಂಡಿಗೆ ಹಾಕಿಬಂದಳು. ಅವತ್ತಿನಿಂದ ಯಾರ ಐನೂರೊಂದನ್ನೂ ಮುರಿಯಲಿಲ್ಲ. ಕೂಲಿ ಹೆಚ್ಚಾದರೆ ಆಗಲಿ, ಸುಂಕ ಹೆಚ್ಚಾದರೆ ಆಗಲಿ, ಒಟ್ಟಿಗೇ ಕಳಿಸಿದಳು. ಚಲುವಯ್ಯನಿಗೆ ಸತ್ಯ ಹೇಳಬೇಕು ಅಂತ ಎರಡು ಸಲ ಹಳೇಕೋಟೆ ಬಸ್ಸು ಹತ್ತಿ, ಎರಡು ಸಲವೂ ಅವನ ಬೀದಿಯ ತಿರುವಿನಿಂದಲೇ ವಾಪಸ್ಸು ಬಂದಳು.

ವರ್ಷ ತಿರುಗಿತು. ಗೌರಿ ಇನ್ನು ನಾಲ್ಕು ದಿನ ಇದೆ ಅನ್ನುವಾಗ ಮುದುಕ ಬಂದ. ಮೈ ಇಳಿದಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು. ಬಿಳೀ ಪಂಚೆ, ಹೆಗಲಿಗೆ ಹೊಸ ಟವಲ್ಲು. ಐನೂರರ ನೋಟಿನ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ತಳ್ಳಿದ. ನಾಣ್ಯಕ್ಕೆ ಅರಿಶಿನ ಹಚ್ಚಿದ್ದ.

“ಈ ಸಲ ಪೂರ್ತಿ ಓಗ್ಬೇಕು ಕಣವ್ವ. ಈಗ ಅಮಾಸೆ ಅಮಾಸೆಗೂ ಬತ್ತಾಳೆ. ಒಸ್ಲಾಚೆ ನಿಂತು ಓಯ್ತಾಳೆ. ಮೊನ್ನೆ ಅಂದ್ಳು, ‘ಈ ಗೌರಿಗೆ ಪೂರ್ತಿ ಬಂದ್ರೆ ಒಳಿಕ್ ಬತ್ತೀನಣ್ಣ. ಇಬ್ರೂ ಉಣ್ಣಾನ. ಉಂಡು, ನಿನ್ನೂ ನಮ್ಮನೆಗೆ ಕರ್ಕಂಡೋಗ್ತೀನಿ’ ಅಂತ.”

ಪ್ರೇಮಕುಮಾರಿ ಎದ್ದು ನಿಂತಳು. ಇನ್ನು ಹೇಳದೆ ಇದ್ದರೆ ಆಗುವುದಿಲ್ಲ.

“ದೊಡ್ಡಪ್ಪ, ನಿನ್ ತಂಗಿ...”

“ಗೊತ್ತು ಕಣವ್ವ.”

ಅಂಗಡಿಯ ಫ್ಯಾನು ಒಂದೇ ಸಮ ಕಿರುಗುಟ್ಟುತ್ತಿತ್ತು.

“ಬದುಕಿದ್ರೆ ನನ್ ತಂಗಿ ಆಣೆ ಮುರೀತಿದ್ಳಾ? ಅವ್ಳು ಚಿಕ್ಕಲಕ್ಷ್ಮಿ ಕಣವ್ವ. ಮೊದ್ಲನೇ ದಿನ ಒಸ್ಲಲ್ಲಿ ಕಂಡಾಗ್ಲೇ ಗೊತ್ತಾಯ್ತು, ನನ್ ತಂಗಿ ಓಗ್ಬುಟ್ಟವ್ಳೆ ಅಂತ. ಉಸಿರಿರೋ ತಂಕ ಅಂತ ಆಣೆ. ಉಸಿರು ಓಯ್ತು, ಅವ್ಳ ಆಣೆ ತೀರ್ತು. ನನ್ ಆಣೆ ಬದುಕಿರೋಳ ಮಕಕ್ಕೆ. ಬಂದವ್ಳೆ.”

“ಮತ್ತೆ ಕರ್ಕೊಂಡೋಗ್ತೀನಿ ಅಂದ್ರೆ ಏನು ಅಂತ...”

“ಅದೂ ಗೊತ್ತು.” ಚಲುವಯ್ಯ ಟವಲ್ಲಿನ ಅಂಚು ಮಡಿಸಿದ, ಬಿಚ್ಚಿದ. “ಎಂಬತ್ತೆರಡಾಯ್ತು. ಒಂದೇ ಆಸೆ ಇತ್ತು. ಮೊಮ್ಮಗಳು ಚೊಚ್ಚಲು ಬಸ್ರಿ, ಮನೇಲವ್ಳೆ. ಈ ತಿಂಗ್ಳೋ ಬರೋ ತಿಂಗ್ಳೋ. ಮಗೀನ ಮಕ ಒಂದು ನೋಡ್ಬೇಕಿತ್ತು. ‘ತಾತ, ನೀನೇ ಎಸ್ರು ಇಡ್ಬೇಕು’ ಅಂತದೆ ಅದು. ಏನ್ ಮಾಡಾದು? ನಲವತ್ತು ವರ್ಸದ ಮ್ಯಾಲೆ ತಂಗಿ ಬಾ ಅಂದವ್ಳೆ. ಒಲ್ಲೆ ಅನ್ನಕಾದದಾ?”

ಅವನು ಹೇಳಿದ್ದು ತಂಗಿಯ ಮಾತು. ಪ್ರೇಮಕುಮಾರಿಯ ಕಿವಿಗೆ ಬಿದ್ದದ್ದು ಮಗುವಿನ ಮಾತು. ಒಂಬತ್ತು ವರ್ಷ ಜನ ಹೇಳುವುದನ್ನು ಕೇಳಿ ಕೇಳಿ, ಯಾವ ಮಾತನ್ನು ಬಾಯಿ ಹೇಳುತ್ತದೆ, ಯಾವುದನ್ನು ಹೊಟ್ಟೆ ಹೇಳುತ್ತದೆ ಅಂತ ಅವಳಿಗೆ ಗೊತ್ತಾಗುತ್ತಿತ್ತು. ಮುದುಕನಿಗೆ ಹೋಗಲು ಮನಸ್ಸಿಲ್ಲ. ಇಲ್ಲ ಅನ್ನಲು ಬಾಯಿಲ್ಲ.

ಕೂತಳು. ಪರದೆ ಎದುರಿಗಿತ್ತು. ಒಟ್ಟಿಗೆ ಕಳಿಸುವ ದಾರಿ ಒಂದು, ಮುರಿದು ಕಳಿಸುವ ದಾರಿ ಒಂದು. ಪೂರ್ತಿ ಹೋದರೆ ಅವಳು ಹೊಸಲು ದಾಟಿ ಒಳಗೆ ಬರುತ್ತಾಳೆ. ಮುರಿದು ಹೋದರೆ ಆಚೆಯೇ ನಿಲ್ಲುತ್ತಾಳೆ. ಮುಂಚೆ ಮುರಿದದ್ದು ಐದು ರೂಪಾಯಿಯ ಆಸೆಗೆ, ಅಪ್ಪನ ಮಾತು ಮರೆತು. ಇವತ್ತು ಆ ಮಾತು ಒಂದಕ್ಷರ ಬಿಡದೆ ನೆನಪಿತ್ತು. ತವರಿನ ದುಡ್ಡು ಮುರಿದೋರ ಬಾಗ್ಲಲ್ಲಿ. ನಿಂತ್ಕಳ್ಳಲಿ, ಅಂದುಕೊಂಡಳು. ಅವನ ಬಾಗಿಲಿಗಿಂತ ನನ್ನ ಬಾಗಿಲಾದರೂ ಸರಿ.

ಅವನ ಐನೂರೊಂದರಿಂದಲೇ ಒಂದು ರೂಪಾಯಿ ಬೇರೆ ಮಾಡಿ ಬಿಟ್ಟಳು.

ಹೆಸರು ಬರಲು ಯಾವಾಗಲೂ ಎಂಟು ಹತ್ತು ಸೆಕೆಂಡು ಹಿಡಿಯುತ್ತದೆ, ಸಣ್ಣ ಚಕ್ರ ಸುತ್ತುತ್ತಿರುತ್ತದೆ. ಅವತ್ತು ಚಕ್ರ ಸುತ್ತಲೇ ಇಲ್ಲ. ಬೆರಳು ಎತ್ತುವುದರೊಳಗೆ ಹೆಸರು ಅಲ್ಲಿತ್ತು. ಕಾದು ನಿಂತವರ ಹಾಗೆ.

ಐನೂರು ಬೇರೆಯಾಗಿ ಕಳಿಸಿದಳು. ಚೀಟಿ ಬರೆದಳು, ಐನೂರೊಂದು.

“ಪೂರ್ತಿ ಓಯ್ತಾ?”

“ಹೋಯ್ತು ದೊಡ್ಡಪ್ಪ.”

“ಕೂಲಿ, ಸುಂಕ?”

“ಬೇಡ ದೊಡ್ಡಪ್ಪ. ಈ ಸಲದ್ದು ನಂದು.”

ಚಲುವಯ್ಯ ಪರಮೇಶನ ಕಡೆ ತಿರುಗಿ, “ನೋಡ್ಲಾ, ಸುಂಕ ಬಿಟ್ಟ ಸುಂಕದೋಳು ಸೀಮೇಗೆಲ್ಲಾ ನಿನ್ ಎಂಡ್ರೊಬ್ಳೇ,” ಅಂದ. ಪರದೆಯ ಮೇಲೆ ಹೆಬ್ಬೆಟ್ಟು ಒತ್ತಿದ. ಈ ಸಲ “ಅವ್ಳೆ” ಅನ್ನಲಿಲ್ಲ. “ಬತ್ತೀನಿ” ಅಂದ. ಅದು ಅಂಗಡಿಯವರಿಗೆ ಹೇಳಿದ್ದೋ, ಪರದೆಗೆ ಹೇಳಿದ್ದೋ ಗೊತ್ತಾಗಲಿಲ್ಲ.

ಗೌರಿ ದಿನ ಪ್ರೇಮಕುಮಾರಿ ಕೈಗೆ ದಾರ ಕಟ್ಟಿಕೊಂಡಳು, ಬಾಗಿನ ಕೊಟ್ಟಳು, ತಗೊಂಡಳು. ಕಿವಿಯೆಲ್ಲ ಫೋನಿನ ಕಡೆ. ಹಳೇಕೋಟೆಯಿಂದ ಏನಾದರೂ ಸುದ್ದಿ ಬಂದೀತು ಅಂತ ಕಾದಳು. ಸುದ್ದಿ ಬರಲಿಲ್ಲ. ಮಾರನೇ ದಿನ ಗಣಪತಿ. ಅವತ್ತೂ ಬರಲಿಲ್ಲ.

ಐದನೇ ದಿನ ಬೆಳಿಗ್ಗೆ ಹತ್ತಕ್ಕೆ ಚಲುವಯ್ಯನೇ ಬಂದ. ಕೈಯಲ್ಲಿ ಸಕ್ಕರೆ ಪೊಟ್ಟಣ, ಮುಖದಲ್ಲಿ ಸಿಟ್ಟು.

“ಮತ್ತೆ ಮುರಿದ್ಯಲ್ಲವ್ವ!”

ಅವಳು ಸ್ಟೂಲನ್ನು ಅವನ ಕಡೆ ತಳ್ಳಿದಳು.

“ಎಲೆ ಆಕಿ ಕಾಯ್ತಾ ಕುಂತಿದ್ದೆ. ಬಂದ್ಳು. ಒಸ್ಲಾಚೆನೇ ನಿಂತ್ಳು. ಸಿಟ್ಟು ಮಾಡ್ಕತಾಳೆ ಅನ್ಕಂಡೆ. ನಗ್ತಾಳೆ ಕಣವ್ವ! ‘ಕಳ್ಸೋಳಿಗೆ ನಿನ್ ಮ್ಯಾಲೆ ಕಕ್ಕುಲಾತಿ ಕಣಣ್ಣ. ಆಯ್ತು, ನೀನು ಇನ್ನೊಂದಷ್ಟು ದಿನ ಇರು. ಅವ್ಳನ್ನೇ ಒಂದ್ಸಲ ಮಾತಾಡಿಸ್ಕಂಡು ಬತ್ತೀನಿ’ ಅಂದ್ಳು.” ಪೊಟ್ಟಣ ಬಿಚ್ಚಿ ಸಕ್ಕರೆ ಇವಳ ಅಂಗೈಗೆ ಸುರಿದ. ಸಿಟ್ಟು ಅಲ್ಲಿಗೆ ಸೋತಿತ್ತು. “ಅದೇ ದಿನ ಸಂಜೆ ಮೊಮ್ಮಗಳು ಎತ್ತಳು. ಎಣ್ಮಗ. ಲಕ್ಷ್ಮಿ ಅಂತ ಇಟ್ಟಿವ್ನಿ.”

ಅವನು ಹೋದ ಮೇಲೂ ಸಕ್ಕರೆ ಅಂಗೈಯಲ್ಲೇ ಇತ್ತು. ಬಿಸಿಲು ನೆತ್ತಿಗೆ ಬಂತು. ರಸ್ತೆಯಲ್ಲಿ ಬಸ್ಸಿಲ್ಲ, ಜನವಿಲ್ಲ, ಎದುರಿನ ಬೇಕರಿಯವನು ಕೂಡ ಒಳಗೆ ಹೋಗಿದ್ದ. ಸರಿಯಾಗಿ ಆಗ ಕೌಂಟರಿನ ಮೇಲಿದ್ದ ಅವಳ ಫೋನು ಒಂದು ಸಲ ಸದ್ದು ಮಾಡಿತು.

ಬ್ಯಾಂಕಿನ ಮೆಸೇಜು. ನಿಮ್ಮ ಖಾತೆಗೆ ಒಂದು ರೂಪಾಯಿ ಜಮಾ ಆಗಿದೆ. ಕಳಿಸಿದವರು: ಚಿಕ್ಕಲಕ್ಷ್ಮಮ್ಮ.

ಒಂದು ರೂಪಾಯಿ ಯಾಕೆ ಬಿಡುತ್ತಾರೆ ಅಂತ ಈ ತಾಲ್ಲೂಕಿನಲ್ಲಿ ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಒಂಬತ್ತು ವರ್ಷ ಅವಳು ಮೇಲೆ ನಿಂತು ಬಾವಿಗೆ ಬಗ್ಗಿ ಕೂಗಿದ್ದಳು. ಇವತ್ತು ಕೆಳಗಿನಿಂದ ಕೂಗು ಬಂದಿತ್ತು. ಇದ್ದೀಯಾ?

ಪರಮೇಶ್ ಫೋನು ತಗೊಂಡು ತಿರುಗಿಸಿ ಮುರುಗಿಸಿ ನೋಡಿದ. “ಅವರ ಮನೆ ಐಕಳು ಯಾವುದೋ ಫೋನಿಂದ ಏನೋ ಒತ್ತಿರ್ಬೇಕು ಬುಡು,” ಅಂದ. ಆಮೇಲೆ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಂದು ಬೆರಳಿಟ್ಟು ತೋರಿಸಿದ. “ಇಲ್ನೋಡು. ಕೂಲಿ ಇಡ್ದಿಲ್ಲ, ಟ್ಯಾಕ್ಸ್ ಇಡ್ದಿಲ್ಲ, ಕಳಿಸಿದ ಊರೂ ಇಲ್ಲ. ಇದ್ಯಾವ ಕಂಪನಿ ಕಣೇ?” ನಗಿಸಲು ಅಂದದ್ದು, ಅವನಿಗೇ ನಗು ಬರಲಿಲ್ಲ. ತಿಂಗಳ ದುಡ್ಡು ಕಳಿಸಲು ಬಂದ ರೂಪಶ್ರೀಯನ್ನು ಕೇಳಿದರೆ, “ಆ ಖಾತೆಗೆ ಯಾವ ಫೋನೂ ಇಲ್ವಲ್ಲ ಅಕ್ಕ. ಅಜ್ಜಿ ಫೋನೇ ಮುಟ್ಟಿದೋರಲ್ಲ. ಪಾಸ್‌ಬುಕ್ಕು ಒಂದಿತ್ತು, ಅದನ್ನ ಅವ್ರ ಮಡಿಲಿಗೇ ಕಟ್ಟಿ ಕಳಿಸಿದ್ರು,” ಅಂದಳು.

ಈಗ ಪ್ರತಿ ಅಮಾವಾಸ್ಯೆ ಮಧ್ಯಾಹ್ನ ಒಂದು ರೂಪಾಯಿ ಬರುತ್ತದೆ. ಚಲುವಯ್ಯನ ಹೊಸಲಿಗೆ ತಂಗಿ ಹೋಗುವುದು ನಿಂತಿದೆಯಂತೆ. ಮುದುಕ ಮರಿಮೊಮ್ಮಗಳನ್ನು ತೊಡೆ ಮೇಲೆ ಹಾಕಿಕೊಂಡು ಜಗಲಿಯಲ್ಲಿ ಕೂತಿರುತ್ತಾನೆ. ಮುಂದಿನ ಗೌರಿಗೆ ಐನೂರೊಂದು ತರುತ್ತೇನೆ, ಆಗ ನೋಡುವ ಅಂತಾನೆ. ಪ್ರೇಮಕುಮಾರಿ ಆಗಲಿ ದೊಡ್ಡಪ್ಪ ಅನ್ನುತ್ತಾಳೆ.

ಫೋನು ಸದ್ದು ಮಾಡಿದಾಗ ಅಂಗಡಿಯಲ್ಲಿ ಗಿರಾಕಿ ಇದ್ದರೂ ಸರಿ, ಅವಳು ಬಾಗಿಲ ಕಡೆ ನೋಡಿ ಮೆಲ್ಲಗೆ, “ಇದ್ದೀನಿ ಕಣವ್ವ,” ಅನ್ನುತ್ತಾಳೆ. ಗಿರಾಕಿಗಳು ತಮಗೇ ಹೇಳಿದ್ದು ಅಂದುಕೊಳ್ಳುತ್ತಾರೆ. ಹೊಸಲಾಚೆ ಒಂದು ಚೊಂಬು ನೀರು ಬೆಳಿಗ್ಗೆಯೇ ಇಟ್ಟಿರುತ್ತಾಳೆ. ಸಂಜೆ ಬಾಗಿಲು ಹಾಕುವಾಗ ಪರಮೇಶ್ ಅದನ್ನು ಎತ್ತಿ ರಸ್ತೆ ಬದಿಯ ದಾಸವಾಳದ ಬುಡಕ್ಕೆ ಸುರಿಯುತ್ತಾನೆ. ಸುರಿಯುವಾಗ ಚೊಂಬಿನ ಒಳಗೆ ನೋಡುವುದಿಲ್ಲ. ಅವಳೂ ನೋಡು ಅನ್ನುವುದಿಲ್ಲ.